ಗುಡಿಯಲ್ಲಿ ಓದಿದ ಪುಟ

ಅಕ್ಕೋರ ಕೆಳತುಟಿಯ ಒಳ ಅಂಚಿನಲ್ಲಿ ಕಡಲೆಬೇಳೆಯಷ್ಟು ಬಿಳಿ ಮಚ್ಚೆಯಿತ್ತು. ಸುಮ್ಮನಿದ್ದಾಗ ಕಾಣುತ್ತಿರಲಿಲ್ಲ, ಓದಲು ಬಾಯಿ ತೆರೆದಾಗಷ್ಟೇ ಕಾಣುತ್ತಿತ್ತು. ಗುಡೂರಿನ ಸಾಲೆಯಲ್ಲಿ ಅವರು ಪಾಠ ಹೇಳುವಾಗ ನಾವು ಹುಡುಗಿಯರು ಪುಸ್ತಕ ಬಿಟ್ಟು ಅದನ್ನೇ ನೋಡುತ್ತಿದ್ದೆವು. “ನನ್ನ ತುಟಿಯಾಗೇನೈತಿ, ಅಕ್ಷರ ನೋಡ್ರಿ,” ಎಂದು ನಗುತ್ತಿದ್ದರು.

ನನಗೆ ಓದು ಬೇಗ ಹತ್ತಲಿಲ್ಲ. ಒತ್ತಕ್ಷರ ಬಂದರೆ ನಾಲಿಗೆ ತೊಡರುತ್ತಿತ್ತು. ಏಳನೆಯ ಇಯತ್ತೆಗೆ ಅಪ್ಪ ಸಾಲೆ ಬಿಡಿಸಿ ಮಗ್ಗದ ಕೆಲಸಕ್ಕೆ ಕೂಡಿಸಿದಾಗ, ಅಕ್ಕೋರು ದಿನಾ ಸಂಜೆ ನಮ್ಮ ಮನೆಗೇ ಬಂದು ಓದಿಸಿದರು. ನಾನು ನೂಲು ಸುತ್ತುತ್ತಲೇ ಓದಬೇಕು, ಮಗ್ಗದ ಸದ್ದನ್ನು ಮೀರಿ ಓದಬೇಕು. ನನ್ನ ದನಿ ಗಟ್ಟಿಯಾದದ್ದು ಹಾಗೆ.

ಮದುವೆಯಾಗಿ ಇಳಕಲ್ಲಿಗೆ ಬಂದ ಮರುವರ್ಷ ಅಕ್ಕೋರಿಗೂ ಅಲ್ಲಿಗೇ ವರ್ಗವಾಯಿತು. ನಮ್ಮ ಓಣಿಯಲ್ಲೇ ಮನೆ ಹಿಡಿದರು. ಜೊತೆಗೆ ನರ್ಸಬಾಯಿ ಬಂದರು. ದವಾಖಾನೆಯಲ್ಲಿ ಹೆರಿಗೆ ಮಾಡಿಸುತ್ತಿದ್ದ ಅವರು ಗುಡೂರಿನ ದಿನಗಳಿಂದಲೂ ಅಕ್ಕೋರ ಜೊತೆಗೇ ಇದ್ದವರು. ಮುಂಜಾನೆ ಕಟ್ಟೆಯ ಮೇಲೆ ಕುಳಿತು ನರ್ಸಬಾಯಿ ಅಕ್ಕೋರ ಹೆರಳು ಹಾಕುತ್ತಿದ್ದರು. ಅಕ್ಕೋರು ಅವರಿಗೆ ಪೇಪರ್ ಓದಿ ಹೇಳುತ್ತಿದ್ದರು. ಇಬ್ಬರೂ ಒಂದೇ ಟ್ರಂಕಿನ ಸೀರೆ ಉಡುತ್ತಿದ್ದರು. ಓಣಿಯವರು ಅಕ್ಕ-ತಂಗಿ ಅನ್ನುತ್ತಿದ್ದರು. ಅಕ್ಕ-ತಂಗಿ ಅಲ್ಲವೆಂದು ಎಲ್ಲರಿಗೂ ಗೊತ್ತಿತ್ತು. ಕೇಳುವ ಪ್ರಸಂಗ ಬಂದಿರಲಿಲ್ಲ, ಅಷ್ಟೆ.

ಶ್ರಾವಣದಲ್ಲಿ ಓಣಿಯ ಗುಡಿಯಲ್ಲಿ ಹೆಂಗಸರಿಗೆ ಪುರಾಣ ಓದುವವರು ಅಕ್ಕೋರೇ. ಎಲ್ಲಾದರೂ ಹೆಣ್ಣನ್ನು ಹೀಗಳೆಯುವ ಮಾತು ಬಂದರೆ ಕನ್ನಡಕ ತೆಗೆದು ಹೇಳುತ್ತಿದ್ದರು: “ದೇವರ ಮಾತಿನಾಗ ಅಂತಃಕರಣ ಇರತೈತಿ. ಅದು ಇಲ್ಲಂದ್ರ ಬರದಾವನ ಮಾತು ಅಂತ ತಿಳೀರಿ.”

ನನ್ನ ಮಗಳಿಗೆ ಗಂಡು ನೋಡುತ್ತಿದ್ದ ವರ್ಷ, ಶ್ರಾವಣಕ್ಕೆ ಎರಡು ವಾರ ಇರುವಾಗ, ಇಬ್ಬರು ಹುಡುಗಿಯರು ಮನೆ ಬಿಟ್ಟು ಅಕ್ಕೋರ ಬಾಗಿಲಿಗೆ ಬಂದರು. ಒಬ್ಬಳು ಕಮತಗಿಯವಳು, ಇನ್ನೊಬ್ಬಳು ನಮ್ಮ ಗುಡಿಯ ಹಿರಿಯರ ತಮ್ಮನ ಮಗಳು. ಇಬ್ಬರೂ ಒಂದೇ ಸೀರೆ ಅಂಗಡಿಯಲ್ಲಿ ಕೆಲಸಕ್ಕಿದ್ದರು. ಬೇರೆ ಬೇರೆ ಮದುವೆ ಒಲ್ಲೆವು, ಕೂಡಿಯೇ ಇರುತ್ತೇವೆ ಎಂದರಂತೆ. ಅಕ್ಕೋರು ರೊಟ್ಟಿ ಉಣಿಸಿದರು. ಮನೆಯವರು ಬಂದು ಕೂಗಾಡಿದಾಗ ಬಾಗಿಲಿಗೆ ಅಡ್ಡ ನಿಂತರು. “ಇಬ್ಬರೂ ವಯಸ್ಸಿಗೆ ಬಂದವರದಾರ. ತಾವಾಗೇ ಬರ್ತೇವಂದ್ರ ಕರಕೊಂಡ ಹೋಗ್ರಿ. ಜಗ್ಗಿದರ ನಾ ಬಿಡೂದಿಲ್ಲ.” ಸಂಜೆಯ ಬಸ್ಸಿಗೆ ಹುಡುಗಿಯರನ್ನು ತಾವೇ ಹತ್ತಿಸಿ ಬಂದರು. ಎಲ್ಲಿಗೆ ಎಂದು ಯಾರಿಗೂ ಹೇಳಲಿಲ್ಲ.

ಮರುದಿನ ಗುಡಿಯ ಹಿರಿಯರು ನಮ್ಮ ಮನೆಗೆ ಬಂದರು. ಕೈಯಲ್ಲಿ ಧರ್ಮಶಾಸ್ತ್ರದ ಕನ್ನಡ ಅನುವಾದವಿತ್ತು, ಒಂದು ಪುಟದಲ್ಲಿ ದಾರದ ಗುರುತು.

“ನೀ ಓದಿದಾಕಿ. ನಾ ಹೇಳಿದರ ಸಿಟ್ಟಿನ ಮಾತು ಅಂತಾರ, ನೀ ಓದಿದರ ಶಾಸ್ತ್ರದ ಮಾತು ಆಗತೈತಿ. ನಾಳೆ ಗುಡಿಯಾಗ ಮಂದಿ ಕೂಡಸ್ತೇನಿ, ಅವರಿಬ್ಬರನ್ನೂ ಕರಸ್ತೇನಿ. ಅಲ್ಲಿ ಓದು. ಮಗಳ ಸಂಬಂಧ ಹುನಗುಂದದಾಗ ಕೂಡಿ ಬಂದೈತಂತಲ್ಲ? ಆ ಮನಿಯವರೂ ಬರ್ತಾರ. ನೀ ಯಾರ ಕಡೆ ಅಂತ ಅವರೂ ನೋಡ್ಲಿ.”

ಒಲ್ಲೆ ಅನ್ನಬಹುದಿತ್ತು. ದಿನಾ ಅಕ್ಕೋರ ಕಟ್ಟೆ ತುಳಿಯುತ್ತಿದ್ದವಳು ನಾನು. ಆ ಮಾತು ಹುನಗುಂದದ ಬೀಗರ ಕಿವಿಗೆ ಬಿದ್ದರೆ ಎಂಬ ಅಂಜಿಕೆ ಹತ್ತಿತ್ತು. ಅಂದು ಮನೆಯಲ್ಲಿ ಪುಸ್ತಕ ತಿರುವಿದೆ. ಹೆಂಗಸಿಗೆ ಮಂತ್ರದ ಹಕ್ಕಿಲ್ಲವೆಂದೂ ಅದರಲ್ಲಿ ಬರೆದಿತ್ತು. ಆ ಪುಟ ಮಗುಚಿ, ದಾರವಿದ್ದ ಪುಟವನ್ನು ಎರಡು ಸಲ ಗಟ್ಟಿಯಾಗಿ ಓದಿ ರೂಢಿ ಮಾಡಿಕೊಂಡೆ.

ಗುಡಿ ತುಂಬಿತ್ತು. ಅಕ್ಕೋರು, ನರ್ಸಬಾಯಿ ಕಂಬದ ಹತ್ತಿರ ಕುಳಿತಿದ್ದರು. ಹುಡುಗಿಯನ್ನು ಕೆಡಿಸಿದ ಹೆಂಗಸಿನ ತಲೆ ಬೋಳಿಸಬೇಕು, ಬೆರಳು ಕತ್ತರಿಸಬೇಕು, ಕತ್ತೆಯ ಮೇಲೆ ಮೆರೆಸಬೇಕು ಎಂಬ ಅರ್ಥದ ಸಾಲುಗಳನ್ನು ಓದಿದೆ. ತಲೆ ಎತ್ತಲಿಲ್ಲ.

ಮೊದಲು ಎದ್ದವರು ನರ್ಸಬಾಯಿ. ಎರಡೂ ಕೈ ನನ್ನ ಮುಖದ ಮುಂದೆ ಹಿಡಿದರು.

“ನಿನ್ನ ಮಗಳು ಹೊಟ್ಟ್ಯಾಗ ಅಡ್ಡ ತಿರುಗಿದ್ದಳು. ಇವೇ ಬೆರಳಲೇ ತಿರುವಿ ತಗದೆ. ಯಾವ ಬೆರಳು ಕತ್ತರಸ್ಬೇಕು, ತೋರಸು.”

ಅಕ್ಕೋರು ಅವರ ಕೈಗಳನ್ನು ಮೆಲ್ಲಗೆ ಕೆಳಗಿಳಿಸಿದರು. ನನ್ನನ್ನು ನೋಡಿದರು. ಆ ಮುಖದಲ್ಲಿ ಸಿಟ್ಟು ಹುಡುಕಿದೆ. ಸಿಕ್ಕಿದ್ದರೆ ನನಗೆ ಹಗುರಾಗುತ್ತಿತ್ತು.

“ಭಾಳ ಚಂದ ಓದಿದಿ,” ಎಂದರು. “ಒಂದ ಒತ್ತಕ್ಷರಾನೂ ತಪ್ಪಲಿಲ್ಲ.”

ಅದೇ ಅವರು ನನ್ನೊಡನೆ ಆಡಿದ ಕಡೆಯ ಮಾತು. ಆ ಶ್ರಾವಣದಿಂದ ಪುರಾಣ ಓದುವ ಮಣೆ ನನಗೆ ಬಂತು. ಮಗಳ ಮದುವೆ ಹುನಗುಂದದಲ್ಲೇ ಆಯಿತು. ಅಕ್ಕೋರು, ನರ್ಸಬಾಯಿ ಓಣಿ ಬಿಟ್ಟು ಬಾದಾಮಿಗೆ ಹೋದರು. ಟೆಂಪೋಗೆ ಸಾಮಾನು ಹೇರುವುದನ್ನು ಕಿಟಕಿಯಿಂದ ನೋಡಿದೆ, ಹೊರಗೆ ಬರಲಿಲ್ಲ.

ಎರಡು ವರ್ಷದ ಮೇಲೆ, ಅಕ್ಕೋರು ತೀರಿಕೊಂಡು ತಿಂಗಳಾಯಿತೆಂದು ಹೂ ಮಾರುವವಳು ಹೇಳಿದಳು. ಆಗ ಬಾದಾಮಿಯ ಬಸ್ಸು ಹತ್ತಿದೆ. ಅವರಿದ್ದದ್ದು ಒಂದೇ ಕೋಣೆಯ ಮನೆ. ನರ್ಸಬಾಯಿ ಬಾಗಿಲು ತೆರೆದರು, ಕುಳಿತುಕೋ ಎಂದರು, ನೀರು ಕೊಟ್ಟರು. ಅಕ್ಕೋರು ಮೂರು ತಿಂಗಳು ಹಾಸಿಗೆ ಹಿಡಿದಿದ್ದರಂತೆ. ಕಡೆಯವರೆಗೂ ನರ್ಸಬಾಯಿಯೇ ಎತ್ತಿ ಕೂಡಿಸಿ, ಮೈ ತೊಳೆದು, ತಲೆ ಬಾಚಿದರಂತೆ. ಮಣ್ಣಿನ ದಿನ ಮಾತ್ರ ಅಕ್ಕೋರ ಅಣ್ಣನ ಮಕ್ಕಳು ಬಂದು, “ನೀವ್ಯಾರ ಆಗಬೇಕ್ರಿ?” ಎಂದು ಕೇಳಿ ಇವರನ್ನು ಹೊರಗೆ ನಿಲ್ಲಿಸಿದರಂತೆ.

ನಾನು ಅವರ ಕಾಲು ಹಿಡಿದು, “ತಪ್ಪಾತ್ರಿ ಬಾಯಾರ,” ಎಂದೆ.

ಅವರು ಕಾಲು ಹಿಂದಕ್ಕೆಳೆದುಕೊಳ್ಳಲಿಲ್ಲ. ತಲೆ ಸವರಲೂ ಇಲ್ಲ.

“ಓದಿದ್ದು ಗುಡಿಯಾಗ, ಮಂದಿ ಮುಂದ,” ಎಂದರು. “ತಪ್ಪಾತಂತ ಬಾಗಲಾ ಹಾಕ್ಕೊಂಡು ನನ್ನೊಬ್ಬಾಕಿಗೆ ಹೇಳಿದರ ಹೆಂಗವಾ?”

ಆಮೇಲೆ ಮೂರು ಶ್ರಾವಣ ಕಳೆದವು. ಪ್ರತಿ ಸಲವೂ ಮಣೆಯ ಮೇಲೆ ಕುಳಿತಾಗ, ಇಂದು ಹೇಳುತ್ತೇನೆ ಎಂದುಕೊಳ್ಳುತ್ತೇನೆ. ಎದುರಿಗೆ ಹುನಗುಂದದ ಬೀಗಿತ್ತಿ ಇರುತ್ತಾರೆ, ಹಿರಿಯರ ಮನೆಯವರಿರುತ್ತಾರೆ. ಅಕ್ಕೋರು ಕೊಟ್ಟ ಗಟ್ಟಿ ದನಿಯಲ್ಲಿ ಅಧ್ಯಾಯ ಮುಗಿಸಿ, ಮಂಗಳ ಹಾಡಿ, ಪುಸ್ತಕ ಮುಚ್ಚುತ್ತೇನೆ.

ಇನ್ನೂ ಹೇಳಿಲ್ಲ.