ಅಂತರಿಕ್ಷದಲ್ಲಿ ಹೊರಗಾದರೆ

ಸಿಂದಗಿಯ ಕಾಲೇಜಿನಲ್ಲಿ ‘ದೀರ್ಘ ಅಂತರಿಕ್ಷಯಾನದಲ್ಲಿ ದಾಂಪತ್ಯ ಮತ್ತು ಲೈಂಗಿಕ ಆರೋಗ್ಯ’ ಎಂಬ ವಿಷಯವಾಗಿ ಉಪನ್ಯಾಸ ನೀಡಲು ಕರೆ ಬಂದಾಗ ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ನಮ್ಮ ಮನೆತನದಲ್ಲಿ ಪದವಿ ಪಡೆದವಳು ನಾನೊಬ್ಬಳೇ. ವೇದಿಕೆಯಲ್ಲಿ ಒಂದು ಪದವೂ ತಪ್ಪಬಾರದೆಂದು, ಹಿಂದಿನ ದಿನ ಯಂಕಂಚಿಯ ನಮ್ಮ ಮನೆಯ ಪಡಸಾಲೆಯಲ್ಲಿ ನಿಂತು ಗಟ್ಟಿಯಾಗಿ ಓದತೊಡಗಿದೆ.

ಕೇಳುತ್ತಿದ್ದವರು ಅಣ್ಣನ ಹೆಂಡತಿ, ನನ್ನ ವೈನಿ. ಮುಟ್ಟಾದ್ದರಿಂದ ಹೊರಗಿನ ಕಟ್ಟೆಯ ಮೇಲೆ ಬೇರೆಯಾಗಿ ಕುಳಿತಿದ್ದರು. ನನ್ನೊಡನೆ ಕಾಲೇಜಿಗೆ ಬರಲು ವಾರದಿಂದ ಕಾದಿದ್ದ ಅವರಿಗೆ, ಕಟ್ಟೆ ಬಿಟ್ಟು ಏಳಕೂಡದೆಂದು ಅವ್ವ ಬೆಳಿಗ್ಗೆಯೇ ಹೇಳಿದ್ದಳು.

“ದಂಪತಿಗಳ ಸಾಮೀಪ್ಯವು…” ಎಂದು ಓದುತ್ತಿದ್ದಂತೆ ವೈನಿ ತಡೆದರು.

“ಅಕ್ಕೋರ, ಸಾಮೀಪ್ಯ ಅಂದ್ರ ಏನ್ರಿ? ಬಾಜೂಕ ಕುಂದ್ರೂದಾ?”

ಗಂಡ-ಹೆಂಡತಿ ಕೂಡುವುದು ಎಂದು ತಗ್ಗಿದ ದನಿಯಲ್ಲಿ ಹೇಳಿದೆ. ಅಲ್ಲಿ ತೂಕವಿಲ್ಲದ್ದರಿಂದ ಒಬ್ಬರನ್ನೊಬ್ಬರು ಹಿಡಿದುಕೊಳ್ಳದಿದ್ದರೆ ಇಬ್ಬರೂ ತೇಲುತ್ತ ದೂರ ಸರಿಯುತ್ತಾರೆ. ಗರ್ಭ ನಿಂತರೆ ಕೂಸಿಗೆ ಏನಾದೀತೆಂದು ಇನ್ನೂ ಯಾರಿಗೂ ತಿಳಿಯದು, ಆದ್ದರಿಂದ ಗರ್ಭನಿರೋಧಕ ಅಗತ್ಯ ಎಂದು ವಿವರಿಸಿದೆ.

“ಹಂಗಾರ ಜಗಳಾನೂ ಕೈ ಹಿಡ್ಕೊಂಡ ಮಾಡಬೇಕು. ನಿಮ್ಮಣ್ಣನ್ನ ಕರ್ಕೊಂಡ ನಾನೂ ಹೊಂಟೆ.”

ನಗು ನಿಂತ ಮೇಲೆ ಮತ್ತೆ ಕೇಳಿದರು: “ಅಲ್ಲೆ ಹೆಣ್ಮಕ್ಕಳು ಹೊರಗಾದ್ರ ಎಲ್ಲಿ ಕುಂದರ್ತಾರ?”

ಋತುಸ್ರಾವವು ಅಲ್ಲಿಯೂ ಇಲ್ಲಿಯಂತೆಯೇ ಆಗುತ್ತದೆ, ಬೇಡವೆನ್ನುವವರು ವೈದ್ಯರ ಸಲಹೆಯಂತೆ ಗುಳಿಗೆಯಿಂದ ತಡೆಯುತ್ತಾರೆ ಎಂದೆಲ್ಲ ಬರೆದಿದ್ದೆ. ಎಲ್ಲಿ ಕುಳಿತುಕೊಳ್ಳುತ್ತಾರೆ ಎಂಬುದನ್ನು ಮಾತ್ರ ಬರೆದಿರಲಿಲ್ಲ.

“ಒಳಗ ಇರ್ತಾರ್ರಿ ವೈನಿ. ಹೊರಗ ಉಸರಾಡಾಕ ಗಾಳಿನ ಇಲ್ಲ.”

ಒಳಗೆ ರೊಟ್ಟಿ ಬಡಿಯುವ ಸಪ್ಪಳ ನಿಂತಿತು. “ಯಾರೂ ಏನೂ ಅನ್ನೂದಿಲ್ಲೇನು?” ಎಂದು ಅವ್ವ ಕೇಳಿದಳು.

“ಯಾರ ಅಂತಾರ ಅವ್ವ? ಅಕಿನ ಗಾಡಿ ಹೊಡಿತಿರ್ತಾಳ.”

“ಗಾಡಿ ಹೊಡಿಯಾಕಿನ್ನ ಹೊರಗ ಹಾಕಿದ್ರ ಎಲ್ಲಾರೂ ಸಾಯ್ತಾರ, ತಗೋ.”

ವೈನಿ ಅವಕಾಶ ಬಿಡಲಿಲ್ಲ. “ಅತ್ತಿ, ನಾಳೆ ನಾನೂ ಹೋಗ್ಲೇನ್ರಿ?”

“ಯಾಕ, ಬಸ್ಸ ನೀ ಹೊಡಿತಿಯೇನು?”

“ಇಲ್ರಿ, ಕುಂದರ್ತೇನಿ. ಕಾಲೇಜ ಗುಡಿ ಅಲ್ಲಲ್ರಿ.”

ಎರಡು ರೊಟ್ಟಿ ಬೆಂದ ಮೇಲೆ ಉತ್ತರ ಬಂದಿತು: “ಜಳಕಾ ಮಾಡಿ ಹೋಗು. ನಿನ್ನ ಗಂಡಗ ನಾ ಹೇಳ್ತೇನಿ.”

ಮರುದಿನ ಬಸ್ಸು ಊರು ದಾಟುವ ಮೊದಲೇ ಕಿಟಕಿಯ ಬದಿ ಕುಳಿತಿದ್ದ ವೈನಿಯ ಪ್ರಶ್ನೆಗಳು ಆರಂಭವಾದವು.

“ಅಲ್ಲೆ ಮಲಗೂ ಖೋಲಿಗಿ ಬಾಗಲಾ ಇರ್ತೈತೇನ್ರಿ?”

ಮುಂದಿನ ಸೀಟಿನವರು ತಿರುಗಿ ನೋಡಿದರು. ನಾನು ದನಿ ತಗ್ಗಿಸಲಿಲ್ಲ.

“ಸಣ್ಣದೊಂದ ಇರ್ತೈತ್ರಿ. ಆದ್ರ ಸಪ್ಪಳ ಎಲ್ಲಾರಿಗೂ ಕೇಳ್ತೈತಿ.”

“ಹಂಗಾರ ನಮ್ಮನಿ ಹಂಗ ಅನ್ರಿ,” ಎಂದರು ವೈನಿ.