ಬಾಗಿಲ ಮೊಳೆಗೆ ಮದುವೆಯುಂಗುರ

ಪ್ಲಾಟಿನಂ ಗಣಿಗಳಿರುವ ಸ್ಟೀಲ್‌ಪೋರ್ಟ್ ಕಣಿವೆಯಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಪ್ರಯೋಗಾಲಯದ ಹಿಂದಿನ ಕೋಣೆಯ ಬಾಗಿಲಲ್ಲಿ ರೈಸಿಬೆ ಮದುವೆಯುಂಗುರ ಬಿಚ್ಚಿ ಮೊಳೆಗೆ ನೇತುಹಾಕುತ್ತಾರೆ. ಒಳಗೆ ಹೋದವರೇ ಕಲ್ಲು ಬೀಸುವ ಯಂತ್ರಕ್ಕೆ ಮೊದಲು ಬಿಳಿ ಮರಳು ಸುರಿದು ತೊಳೆಯುತ್ತಾರೆ. ನಿನ್ನೆಯ ಕಲ್ಲಿನ ಪುಡಿ ಇವತ್ತಿನದಕ್ಕೆ ತಾಗಕೂಡದು. ಆಮೇಲೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಕಪ್ಪು ಕಲ್ಲಿಗೆ ಸುತ್ತಿಗೆಯೇಟು.

"ಸೊಸೆ ದಿನಾ ಬೆಳಿಗ್ಗೆ ಗಂಡನ್ನ ಬಿಡ್ತಾಳೆ ಅಂತ ನಮ್ಮತ್ತೆ ಊರೆಲ್ಲ ಸಾರ್ಕೊಂಡು ಬರ್ತಾಳೆ," ಎಂದು ನಗುತ್ತಾರೆ. "ಸಂಜೆ ಮತ್ತೆ ಮದ್ವೆ ಆಗ್ತೀನಲ್ಲ, ಅದನ್ನ ಹೇಳಲ್ಲ ಮುದುಕಿ!"

ಇಲ್ಲಿ ನೆಲದಡಿ ಕರಗಿದ ಕಲ್ಲಿನ ಬೆಂಕಿಯಂಥ ಪಾಕ ಆರಿ, ಕಪ್ಪು ಪದರ, ಬಿಳಿ ಪದರ ಅಂತ ಒಂದರ ಮೇಲೊಂದು ಕೂತಿದೆ. ಆ ಪಾಕ ಆಳದಿಂದ ನೇರ ಬಂತೋ, ದಾರಿಯಲ್ಲಿ ಹಳೆಯ ಬಂಡೆಗಳನ್ನು ಕರಗಿಸಿ ನುಂಗಿತೋ? ಕಲ್ಲಿನಲ್ಲಿರುವ ಆಸ್ಮಿಯಂ ಲೋಹದ ಐಸೋಟೋಪುಗಳಲ್ಲಿ, ಅಂದರೆ ಒಂದೇ ಲೋಹದ ಬೇರೆ ಬೇರೆ ತೂಕದ ಕಣಗಳಲ್ಲಿ, ಯಾವುದು ಎಷ್ಟಿದೆ ಎಂದು ಅಳೆದರೆ ಮೂಲ ತಿಳಿಯುತ್ತದೆ. ಆದರೆ ಆ ಲೋಹ ಇರುವುದೇ ಚೂರೇ ಚೂರು. ಪ್ಲಾಟಿನಂನಲ್ಲೂ ಅದರ ಬೆರಕೆ ಇರಬಹುದು, ಹಾಗಾಗಿ ಪ್ಲಾಟಿನಂ ಉಂಗುರ ಒಮ್ಮೆ ಉಜ್ಜಿದರೂ ಲೆಕ್ಕವೆಲ್ಲ ಹಾಳು. ಗಣಿಯ ಕೆಲಸಗಾರನಾದ ಗಂಡ ರೈಸಿಬೆಗೆ ತೊಡಿಸಿದ್ದು ಪ್ಲಾಟಿನಂ ಉಂಗುರವನ್ನೇ.

ಕೆಲಸಕ್ಕೆ ಸೇರಿದ ವರ್ಷ ಒಂದು ದಿನ ಅದನ್ನು ಬಿಚ್ಚಲು ಮರೆತರು. ಅವತ್ತು ಬೀಸಿದ್ದೆಲ್ಲ ಕಸಕ್ಕೆ ಹೋಯಿತು. ಅದಕ್ಕೇ ಈ ವರ್ಷ ಒಂದು ಪದರದ ಅಂಕಿ ದಿಢೀರನೆ ಜಿಗಿದಾಗ, ಸಂಶೋಧಕ ಡಾಕ್ಟರ್ ಮಾಶೆಗೊ ಮೊದಲು ನೋಡಿದ್ದು ರೈಸಿಬೆಯ ಬೆರಳನ್ನು.

"ಅಮ್ಮಾ, ಉಂಗುರ ತೆಗ್ದಿದ್ರಾ?"

"ಅವತ್ತಿನ ತಪ್ಪು ನಂದು, ಒಪ್ಕೊಂಡೆ. ಒಂದ್ಸಲ ಗಂಜಿ ಸೀದಿಸಿದ್ಲು ಅಂತ ಊರಲ್ಲಿ ಸೀದ ಗಡಿಗೆಯೆಲ್ಲ ನನ್ನ ತಲೆಗೆ ಕಟ್ತೀರೇನಪ್ಪಾ?" ರೈಸಿಬೆ ಜಗ್ಗಲಿಲ್ಲ. "ಆ ಪದರದ್ದೇ ಉಳಿದ ಕಲ್ಲು ತನ್ನಿ, ನಿಮ್ಮ ಕಣ್ಣೆದುರೇ ಬೀಸ್ತೀನಿ. ಕೊಳೆ ನಂದಾದ್ರೆ ಈ ಸುತ್ತಿಗೆ ಇಲ್ಲೇ ಇಟ್ಟು ಮನೆಗೆ ಹೋಗ್ತೀನಿ."

ಗಂಡ ದುಡಿಯುತ್ತಿದ್ದ ಗಣಿ ಮುಚ್ಚಿದೆ. ಮನೆಯ ಒಲೆ ಉರಿಯುವುದು ಈ ಸುತ್ತಿಗೆಯಿಂದಲೇ. ಆದರೂ ಅಂದುಬಿಟ್ಟರು. ಎದೆಗಾರಿಕೆ ಅಂದರೆ ಇದು!

ಮಾಶೆಗೊ ಪಕ್ಕದಲ್ಲೇ ನಿಂತು ನೋಡಿದರು. ಯಂತ್ರ ತೊಳೆದ ಮರಳನ್ನೂ ಪರೀಕ್ಷೆಗೆ ಕಳಿಸಿದರು. ಮರಳಿನಲ್ಲಿ ಏನೂ ಸಿಗಲಿಲ್ಲ. ಕಲ್ಲಿನ ಅಂಕಿ ಮಾತ್ರ ಮತ್ತೆ ಅಲ್ಲಿಗೇ ಜಿಗಿಯಿತು. ಅಂದರೆ ಆ ಪದರ ಕೂರುವ ಹೊತ್ತಿಗೆ ಬೇರೆ ಮೂಲದ ಹೊಸ ಪಾಕ ನುಗ್ಗಿತ್ತು.

"ಅನುಮಾನ ಪಡೋದೇ ನನ್ನ ಕೆಲ್ಸ ಅಮ್ಮಾ," ಎಂದರು ಮಾಶೆಗೊ.

"ಪಡಿ, ಬೇಡ ಅಂದೋರ್ಯಾರು? ಕಲ್ಲಿನ ಮೇಲೂ ಒಂಚೂರು ಪಡಿ."

ಆಸೆ ಏನಾದರೂ ಇದೆಯೇ ಎಂದು ಕೇಳಿದರೆ ರೈಸಿಬೆ ತಡಮಾಡುವುದಿಲ್ಲ. "ಆ ಪದರದ ಬಗ್ಗೆ ಡಾಕ್ಟ್ರು ಬರೆಯೋವಾಗ ಕಲ್ಲು ಬೀಸಿದೋಳು ರೈಸಿಬೆ ಅಂತ ಹಾಕ್ಲಿ. ಅನುಮಾನ ಪಡೋಕೆ ನನ್ನ ಹೆಸರು ನೆನಪಾಯ್ತಲ್ಲ, ಬರೆಯೋಕೂ ನೆನಪಾಗ್ಲಿ."

ಸಂಜೆ ಮೊಳೆಯಿಂದ ಉಂಗುರ ತೆಗೆದು ಬೆರಳಿಗೇರಿಸುತ್ತಾರೆ. "ನಡೀರಿ, ಮದ್ವೆಗೆ ಹೊತ್ತಾಯ್ತು."