ಹನಮೇಲಜ್ಜನ ಚಪ್ಪಲಿ

ಅಂತಿಯೋಕ್ಯದ ಹನಮೇಲಜ್ಜ ಮಲಗುವಾಗಲೂ ಚಪ್ಪಲಿ ಬಿಚ್ಚುವವನಲ್ಲ. ಯೇಸುವನ್ನು ಕಣ್ಣಾರೆ ಕಂಡವರಲ್ಲಿ ಆ ಊರಿನಲ್ಲಿ ಉಳಿದವನು ಅವನೊಬ್ಬನೇ. ಸ್ವರ್ಗಕ್ಕೇರಿದ ಗುರು ತಮ್ಮನ್ನೆಲ್ಲ ಕರೆದೊಯ್ಯಲು ಇವತ್ತೋ ನಾಳೆಯೋ ಮರಳಿ ಬರುತ್ತಾನೆ, ಕರೆದಾಗ ಚಪ್ಪಲಿ ಹುಡುಕುತ್ತಾ ಕೂರಬಾರದು ಎನ್ನುತ್ತಿದ್ದ. ಸೋರುವ ಮಾಡು ರಿಪೇರಿ ಮಾಡಿಸಲಿಲ್ಲ, ನಾಳೆಗೆಂದು ಎಣ್ಣೆ ಕೊಳ್ಳಲಿಲ್ಲ, ಅಂಜೂರದ ಸಸಿ ನೆಡಹೋದ ಸೊಸೆಗೆ "ಹಣ್ಣು ತಿನ್ನೋಕೆ ಇಲ್ಲಿ ಯಾರಮ್ಮಾ ಇರ್ತಾರೆ?" ಎಂದು ಗದರಿದ. ಹೀಗೇ ನಲವತ್ತು ವರ್ಷ. ವಾರದ ಮೊದಲ ದಿನ ಗುರುವಿನ ನೆನಪಿಗೆ ರೊಟ್ಟಿ ಮುರಿದು ಹಂಚಿಕೊಳ್ಳಲು ಸೇರಿದವರಿಗೆ ಅವನ ಮಾತುಗಳನ್ನು ಬಾಯಲ್ಲೇ ಹೇಳುತ್ತಿದ್ದ. ಊರವರಿಗೆ ಪತ್ರ ಬರೆದುಕೊಡುವ ಥಿಯೋನ "ಅಜ್ಜಾ, ಬರ್ಕೊಳ್ಲಾ?" ಎಂದರೆ ಉರಿದುಬೀಳುತ್ತಿದ್ದ: "ಅವನೇ ಬರ್ತಿರೋವಾಗ ನಿನ್ನ ಮಸಿ ಯಾಕೋ?" ಓರಗೆಯವರನ್ನು ಒಬ್ಬೊಬ್ಬರಾಗಿ ಮಣ್ಣು ಮಾಡಿ ಬಂದಾಗಲೂ ಹಟ ಬಿಡಲಿಲ್ಲ. ಮೊನ್ನೆ, ಬಿರುಗಾಳಿಗೆ ಸಿಕ್ಕ ದೋಣಿಯಲ್ಲಿ ಗುರು ಎದ್ದುನಿಂತು ಗಾಳಿಗೆ ಸುಮ್ಮನಿರೆಂದ ಕಥೆ ಹೇಳುತ್ತಿದ್ದವನು ನಡುವೆಯೇ ನಿಲ್ಲಿಸಿಬಿಟ್ಟ. ಜನ ಮುಂದಿನ ಮಾತು ನೆನಪಿಸಿಕೊಟ್ಟರು. "ಮಾತು ನೆನಪಿದೆ ಕಣ್ರಯ್ಯಾ. ಅವನ ದನಿ ಹೇಗಿತ್ತು ಅನ್ನೋದೇ ಮರೆತುಹೋಯ್ತು" ಎಂದ. ಆಮೇಲೆ ಬಗ್ಗಿ, ಗಂಟುಬಿದ್ದಿದ್ದ ವಾರು ಬಿಚ್ಚಿ, ಚಪ್ಪಲಿಯನ್ನು ಬಾಗಿಲ ಮೂಲೆಗಿಟ್ಟು, ಬರಿಗಾಲಲ್ಲಿ ಬಂದು ಥಿಯೋನನ ಪಕ್ಕ ಕೂತ. "ಬರ್ಕೊಳ್ಳಪ್ಪಾ. ನಾನಿರೋವಾಗ ಅವನು ಬರೋ ಹಾಗೆ ಕಾಣಲ್ಲ."